ಜಮೈಕಾ ಬೆಟ್ಟದ ಪಾರುಪತ್ತೇಗಾರ

ಜಮೈಕಾ ದ್ವೀಪದ ಪಶ್ಚಿಮಕ್ಕೆ, ವೆಸ್ಟ್‌ಮೋರ್ಲೆಂಡ್ ಎಂಬ ಜಿಲ್ಲೆಯ ಗುಡ್ಡಗಳ ನಡುವೆ ಸೀಫರ್ಡ್ ಟೌನ್ ಎನ್ನುವ ಊರಿದೆ. ಹೆಸರಿನಲ್ಲಿ ಸಮುದ್ರವಿದೆ, ಊರಿಗೆ ಸಮುದ್ರವಿಲ್ಲ. ಸುತ್ತಲಿನ ಜನ ತಮ್ಮ ಪಾಟ್ವಾ ನುಡಿಯಲ್ಲಿ ಅದನ್ನು ‘ಜಾರ್ಮನ್ ಟಾಂಗ್’ ಎನ್ನುತ್ತಾರೆ, ಅಂದರೆ ಜರ್ಮನರ ಊರು. ಆ ನುಡಿಯಲ್ಲಿ ಟೌನ್ ಎಂಬುದು ಟಾಂಗ್ ಆಗುತ್ತದೆ, ಡೌನ್ ಡಾಂಗ್ ಆಗುತ್ತದೆ, ಗ್ರೌಂಡ್ ಗ್ರಾಂಗ್ ಆಗುತ್ತದೆ. ಊರಿನ ಹಳೆಯ ಮನೆತನಗಳ ಅಡ್ಡಹೆಸರು ಕೇಳಿದರೆ ‘ಜಾರ್ಮನ್’ ಯಾಕೆ ಬಂತೆಂದು ಬಿಡಿಸಿ ಹೇಳಬೇಕಾಗುವುದಿಲ್ಲ: ಹ್ಯಾಕರ್, ಶ್ಲೈಫರ್, ವೋಲ್ಕರ್, ಕಮೀಕ, ವೆಡಮೈರ್, ಎಲ್ಡಮೈರ್.

ಇವುಗಳಲ್ಲಿ ಕೆಲವು ಕೂಡಲೇ ಬಾಯಿ ಬಿಡುತ್ತವೆ. ಶ್ಲೈಫರ್ ಎಂದರೆ ಸಾಣೆ ಹಿಡಿಯುವವನು. ಹ್ಯಾಕರ್ ಎಂದರೆ ಗುದ್ದಲಿಯಿಂದ ನೆಲ ಕೊಚ್ಚುವವನು, ದ್ರಾಕ್ಷಿತೋಟದ ಕೂಲಿ, ಇಲ್ಲವೇ ಮರ ಕಡಿಯುವವನು. ಕಂಪ್ಯೂಟರಿಗೆ ಕನ್ನ ಹಾಕುವವನಿಗೂ ಇದೇ ಹೆಸರು ಬಂದದ್ದು ಆಕಸ್ಮಿಕವಲ್ಲ. ಕೊಚ್ಚು ಎಂಬ ಅರ್ಥದ ಇಂಗ್ಲಿಷ್ ಕ್ರಿಯಾಪದ ಅದೇ ಜರ್ಮಾನಿಕ್ ಕುಟುಂಬದ್ದು. ಆದರೆ ನನ್ನ ಕಣ್ಣು ಬಿದ್ದಿರುವುದು ಕೊನೆಯ ಎರಡು ಹೆಸರುಗಳ ಬಾಲದ ಮೇಲೆ. ಆ ‘ಮೈರ್’ ಸುಮಾರು ಎರಡು ಸಾವಿರ ವರ್ಷದ ಸರಕು. ಈ ದ್ವೀಪಕ್ಕೆ ಅದು ಒಂದಕ್ಕಿಂತ ಹೆಚ್ಚು ಹಡಗಿನಲ್ಲಿ, ಒಂದಕ್ಕಿಂತ ಹೆಚ್ಚು ವೇಷದಲ್ಲಿ ಬಂದಿಳಿದಿದೆ.

ಹಡಗು ಹತ್ತುವಾಗ ಆ ಬಾಲ ‘ಮೇಯರ್’ ಅಕ್ಷರಗಳಲ್ಲಿತ್ತು: ಎಲ್ಡರ್‌ಮೇಯರ್, ವೆಡೆಮೇಯರ್. ಹಾಗೆ ಬರೆದರೂ ಜರ್ಮನರು ಅದನ್ನು ಹೇಳುವುದು ಹೆಚ್ಚುಕಡಿಮೆ ‘ಮೈಯ’ ಎಂದು. ಕೊನೆಯ ರಕಾರ ಗಂಟಲಿನಲ್ಲೇ ಕರಗಿಹೋಗುತ್ತದೆ. ಬರೆದುಕೊಳ್ಳುವ ಗುಮಾಸ್ತ ಇಂಗ್ಲಿಷಿನವನು. ಅವನ ಇಂಗ್ಲಿಷಿನಲ್ಲೂ ಪದದ ಕೊನೆಯ ರಕಾರ ಕೇಳಿಸುವುದಿಲ್ಲ. ಜರ್ಮನ್ ಕಾಗುಣಿತವನ್ನು ಹಾಗೇ ಉಳಿಸಿದ್ದರೆ ಮುಂದಿನವರು ಅದನ್ನು ‘ಮೇಯರ್’ ಎಂದೇ ಓದುತ್ತಿದ್ದರು. ಕಿವಿಗೆ ಬಿದ್ದದ್ದನ್ನು ಅವನು ತನಗೆ ಗೊತ್ತಿದ್ದ ‘ಮೈರ್’ ಎಂಬ ಪದದ ಅಕ್ಷರಗಳಲ್ಲಿ ಬರೆದ. ಹೀಗಾಗಿ ಉಚ್ಚಾರ ಉಳಿಯಿತು, ಕಾಗುಣಿತ ಹೋಯಿತು. ಇಂಥ ಬದಲಾವಣೆಯನ್ನು ‘ಅಪಭ್ರಂಶ’ ಎಂದು ಮೂಗು ಮುರಿಯುವವರಿದ್ದಾರೆ. ಅಕ್ಷರಕ್ಕಿಂತ ದನಿಗೆ ನಿಷ್ಠನಾದ ಗುಮಾಸ್ತನಿಗೆ ನಾನಂತೂ ಋಣಿ. ಇಂಗ್ಲಿಷಿನಲ್ಲಿ ಮೈರ್ ಎಂದರೆ ಕೆಸರು ಎಂಬುದು ಬೇರೆ ಮಾತು. ಜಮೀನು ನೋಡಿಕೊಳ್ಳುವವನ ಹೆಸರಿಗೆ ಕೆಸರು ಮೆತ್ತಿಕೊಂಡರೆ ತಪ್ಪೇನಿಲ್ಲ.

ಹೌದು, ಅವನು ಜಮೀನು ನೋಡಿಕೊಳ್ಳುವವನೇ. ಲ್ಯಾಟಿನ್ನಿನಲ್ಲಿ ‘ಮಗ್ನುಸ್’ ಎಂದರೆ ದೊಡ್ಡದು, ‘ಮಯೋರ್’ ಎಂದರೆ ಅದಕ್ಕಿಂತ ದೊಡ್ಡದು. ನಮ್ಮ ಸಂಸ್ಕೃತದ ‘ಮಹತ್’, ‘ಮಹಾ’ಗಳೂ ಇದೇ ಬೇರಿನವು ಎಂದು ಭಾಷಾಶಾಸ್ತ್ರಜ್ಞರು ಬಹಳ ಹಿಂದೆಯೇ ಒಪ್ಪಿದ್ದಾರೆ. ರೋಮ್ ಸಾಮ್ರಾಜ್ಯ ಮುರಿದುಬಿದ್ದ ಮೇಲೆ ಫ್ರಾಂಕ್ ದೊರೆಗಳ ಅರಮನೆಯಲ್ಲಿ ‘ಮಯೋರ್ ದೋಮುಸ್’ ಎಂಬ ಅಧಿಕಾರಿ ಇದ್ದ. ಪದಶಃ ‘ಮನೆಯ ಹಿರಿಯ’, ಕೆಲಸದಲ್ಲಿ ಪಾರುಪತ್ತೇಗಾರ. ದೊರೆಗಳು ಕೈಲಾಗದವರಾಗುತ್ತ ಹೋದಂತೆ ಪಾರುಪತ್ತೇಗಾರರು ಗಟ್ಟಿಯಾದರು. 751ರಲ್ಲಿ ಅವರಲ್ಲೊಬ್ಬ, ಪೆಪಿನ್, ದೊರೆಯನ್ನು ಮಠಕ್ಕೆ ಕಳಿಸಿ ತಾನೇ ಪಟ್ಟಕ್ಕೆ ಬಂದ. ಅವನ ಮಗನೇ ಶಾರ್ಲ್‌ಮೇನ್.

ಅರಮನೆಯ ಈ ಹಿರಿಯನಿಗೆ ಹಳ್ಳಿಯಲ್ಲಿ ಒಬ್ಬ ಬಡ ದಾಯಾದಿ ಇದ್ದ. ಸುಮಾರು 800ರ ಹೊತ್ತಿಗೆ ಅರಸು ಜಮೀನುಗಳ ಆಡಳಿತಕ್ಕೆಂದು ಹೊರಟ ಒಂದು ನಿರೂಪದಲ್ಲಿ ಅವನ ಸುಳಿವು ಸಿಗುತ್ತದೆ. ಅಲ್ಲಿ ಊರೂರಿನ ‘ಮಯೋರ್’ಗಳಿಗೆ ಕಟ್ಟುಪಾಡು ಹಾಕಲಾಗಿದೆ: ಒಂದೇ ದಿನದಲ್ಲಿ ಸುತ್ತಿ ನೋಡಿ ಬರಬಹುದಾದಷ್ಟಕ್ಕಿಂತ ಹೆಚ್ಚಿನ ನೆಲ ಅವನ ಕೈಯಲ್ಲಿರಕೂಡದು. ಇನ್ನೊಂದು ಕಡೆ, ಬಲಿಷ್ಠರನ್ನು ಈ ಹುದ್ದೆಗೆ ಹಾಕಬೇಡಿ, ನಂಬಿಕೆಯ ಮಧ್ಯಮ ಕುಳಗಳನ್ನು ಆರಿಸಿ ಎಂಬ ಸೂಚನೆಯಿದೆ. ಅರಮನೆಯ ಪಾರುಪತ್ತೇಗಾರಿಕೆಯಿಂದಲೇ ಗದ್ದುಗೆಗೆ ಏರಿದ ವಂಶಕ್ಕೆ ಪಾರುಪತ್ತೇಗಾರರು ಬೆಳೆದರೆ ಏನಾಗುತ್ತದೆಂದು ಚೆನ್ನಾಗಿ ಗೊತ್ತಿತ್ತು!

ಈ ಹಳ್ಳಿಯ ಮಯೋರ್ ಜರ್ಮನ್ ಬಾಯಲ್ಲಿ ಮೈಯರ್ ಆದ. ಫ್ರೆಂಚರಲ್ಲಿ ‘ಮೇರ್’ ಆಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿ ಊರಿನ ಪ್ರಥಮ ಪ್ರಜೆಯಾದ. ನಮ್ಮ ಮಹಾನಗರ ಪಾಲಿಕೆಗಳ ಮೇಯರ್ ಹೀಗೆ ಬಂದವರು. ಸೈನ್ಯದ ಮೇಜರ್ ಕೂಡ ಇವರ ಅಣ್ಣತಮ್ಮನೇ. ಕನ್ನಡದಲ್ಲಿ ಇದಕ್ಕೆ ಸರಿಸಾಟಿಯಾದ ಜೀವನಚರಿತ್ರೆ ಹೆಗ್ಗಡೆಯದು. ಹಳಗನ್ನಡದ ‘ಪೆರ್’ ಎಂದರೆ ಹಿರಿದು. ಶಾಸನಗಳ ಪೆರ್ಗಡೆ ಒಬ್ಬ ಅಧಿಕಾರಿ. ಪಕಾರ ಹಕಾರವಾಗಿ ಹೆಗ್ಗಡೆ. ಕೊನೆಗೆ ಹೆಗಡೆ, ಹೆಗ್ಡೆ ಎಂಬ ಅಡ್ಡಹೆಸರು. ಹಿರಿಯ ಎಂಬ ಗುಣವಾಚಕ ಹುದ್ದೆಯಾಯಿತು, ಹುದ್ದೆ ಮನೆತನವಾಯಿತು. ಮೈಯರ್ ನಡೆದ ದಾರಿಯೂ ಅದೇ.

ನಮ್ಮ ಕಥೆಗೆ ಬೇಕಾದ ತಿರುವು ಬರುವುದು ಉತ್ತರ ಜರ್ಮನಿಯಲ್ಲಿ, ವೇಸರ್ ನದಿಯ ಆಸುಪಾಸಿನ ವೆಸ್ಟ್‌ಫಾಲಿಯ ಮತ್ತು ಕೆಳ ಸ್ಯಾಕ್ಸನಿ ಸೀಮೆಗಳಲ್ಲಿ. ಮಧ್ಯಯುಗದ ಕೊನೆಗೆ ದೊಡ್ಡ ಜಮೀನುದಾರಿಕೆ ಒಡೆದು, ಒಡೆಯರ ಪರವಾಗಿ ಲೆಕ್ಕ ನೋಡುತ್ತಿದ್ದ ಮೈಯರ್ ತಾನೇ ಗೇಣಿದಾರನಾದ. ವಾರ್ಷಿಕ ಗೇಣಿ ಕೊಟ್ಟುಕೊಂಡು ಅದೇ ನೆಲವನ್ನು ತಲೆಮಾರು ತಲೆಮಾರು ಸಾಗುವಳಿ ಮಾಡಿದ. ಎಲ್ಲಿ ನೋಡಿದರೂ ಮೈಯರ್‌ಗಳೇ ಆದಾಗ ಒಬ್ಬನನ್ನು ಇನ್ನೊಬ್ಬನಿಂದ ಬೇರೆ ಮಾಡಲು ಮುಂದೊಂದು ಗುರುತು ಹಚ್ಚಬೇಕಾಯಿತು. ಮೇಲಿನ ಹೊಲದವನು ಓಬರ್‌ಮೈಯರ್, ಕೆಳಗಿನವನು ನೀಡರ್‌ಮೈಯರ್. ಆ ಸೀಮೆಯ ಹಳೆಯ ಆಡುನುಡಿಯಲ್ಲಿ ‘ವೆಡೆ’ ಎಂದರೆ ಕಾಡು, ತೋಪು. ಕಾಡಂಚಿನ ಜಮೀನಿನವನು ವೆಡೆಮೈಯರ್.

ಅಡ್ಡಹೆಸರು ಹಿಡಿದು ವಂಶ ಹುಡುಕುವವರನ್ನು ದಾರಿ ತಪ್ಪಿಸುವ ಒಂದು ವಾಡಿಕೆ ಈ ಸೀಮೆಯಲ್ಲಿತ್ತು. ಹೆಸರು ಮನುಷ್ಯನಿಗೆ ಸೇರಿದ್ದಲ್ಲ, ಹೊಲಮನೆಗೆ ಸೇರಿದ್ದು. ಗಂಡುಮಕ್ಕಳಿಲ್ಲದ ಮನೆಗೆ ಅಳಿಯ ಬಂದು ನಿಂತರೆ ಅವನು ತನ್ನ ಹೆಸರು ಬಿಟ್ಟು ಆ ಜಮೀನಿನ ಹೆಸರನ್ನು ಇಟ್ಟುಕೊಳ್ಳುತ್ತಿದ್ದ. ಚರ್ಚಿನ ಪುಸ್ತಕದಲ್ಲಿ ಎರಡೂ ಹೆಸರು ಬರೆದು ನಡುವೆ ‘ಗೆನಾಂಟ್’, ಅಂದರೆ ‘ಎಂದು ಕರೆಯಲ್ಪಡುವ’, ಎಂದು ಸೇರಿಸುವುದೂ ಇತ್ತು. ವಿಧವೆ ಮರುಮದುವೆಯಾದರೆ ಹೊಸ ಗಂಡನಿಗೂ ಅದೇ ಪಾಡು. ಒಬ್ಬ ಮನೆಅಳಿಯನ ನಾಲ್ಕು ಮಕ್ಕಳಲ್ಲಿ ಜಮೀನಿಗೆ ಹಕ್ಕುದಾರನಾದವನಿಗೆ ಒಂದು ಹೆಸರು, ಹೊರಗೆ ಹೋದವನಿಗೆ ಇನ್ನೊಂದು ಹೆಸರು ಬೀಳಬಹುದಿತ್ತು. ಅಂದಮೇಲೆ ಜಮೈಕಾದ ‘ಮೈರ್’ ಒಬ್ಬ ತನ್ನ ಹೆಸರು ಹಿಡಿದು ವೇಸರ್ ತೀರಕ್ಕೆ ಹೋದರೆ ಅವನಿಗೆ ಮೊದಲು ಸಿಗುವುದು ಮುತ್ತಾತನಲ್ಲ, ಒಂದು ಹೊಲ. ರಕ್ತಸಂಬಂಧ ಅಟ್ಲಾಂಟಿಕ್ ದಾಟುವ ಮೊದಲೇ ಹೆಸರಿನಿಂದ ಬೇರೆಯಾಗಿ ಬಹಳ ಕಾಲವಾಗಿತ್ತು.

ಇನ್ನು ಹಡಗಿನ ವಿಷಯ. ಬ್ರಿಟಿಷ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾಯ್ದೆ ತಂದಿತು, 1834ರ ಆಗಸ್ಟ್ 1ರಿಂದ ಅದು ಜಾರಿಗೆ ಬಂತು. ಬಿಡುಗಡೆ ಆ ದಿನವೇ ಸಿಗಲಿಲ್ಲ. ‘ಅಪ್ರೆಂಟಿಸ್’ ಎಂಬ ಹೊಸ ಹೆಸರಿನಲ್ಲಿ ಅದೇ ಒಡೆಯನಿಗೆ ದುಡಿಯಬೇಕೆಂಬ ಕಟ್ಟಳೆ 1838ರವರೆಗೂ ನಡೆಯಿತು. ಅಷ್ಟರೊಳಗೆ ತೋಟದ ಒಡೆಯರು ಒಂದು ಲೆಕ್ಕ ಹಾಕಿದರು. ಬಿಡುಗಡೆಯಾದ ಆಫ್ರಿಕನ್ ಮೂಲದ ಜನ ಒಳನಾಡಿನ ಬೆಟ್ಟಗಳಲ್ಲಿ ಖಾಲಿ ಬಿದ್ದ ನೆಲ ಹಿಡಿದು ಸ್ವಂತ ಬೇಸಾಯಕ್ಕೆ ನಿಂತರೆ ಕಬ್ಬಿನ ಗದ್ದೆಗೆ ಬರುವವರು ಯಾರು? ಅದಕ್ಕೇ ಆ ಬೆಟ್ಟಗಳಲ್ಲಿ ಮೊದಲೇ ಯುರೋಪಿನ ಬಿಳಿಯರನ್ನು ತಂದು ಕೂರಿಸುವುದು. 1831ರ ಕ್ರಿಸ್‌ಮಸ್ ಹೊತ್ತಿಗೆ ಸ್ಯಾಮ್ ಶಾರ್ಪ್ ಎಂಬ ಬ್ಯಾಪ್ಟಿಸ್ಟ್ ಬೋಧಕನ ಮುಂದಾಳುತನದಲ್ಲಿ ಎದ್ದ ಗುಲಾಮರ ದಂಗೆ ಇದೇ ಪಶ್ಚಿಮದ ಜಿಲ್ಲೆಗಳನ್ನು ಸುಟ್ಟಿತ್ತು. ಶಾರ್ಪ್‌ನನ್ನು 1832ರಲ್ಲಿ ಗಲ್ಲಿಗೇರಿಸಿದರು. ಒಡೆಯರ ಎದೆಯ ನಡುಕ ಮಾತ್ರ ನಿಂತಿರಲಿಲ್ಲ.

ಮೊದಲ ತಂಡವನ್ನು 1834ರಲ್ಲಿ ತರಿಸಿದವನು ಸೊಲೊಮನ್ ಮೈಯರ್ಸ್ ಎಂಬ ಯೆಹೂದಿ ಕಾಫಿತೋಟಗಾರ. ಬ್ರೆಮೆನ್ ಕಡೆಯ ಅರವತ್ತಕ್ಕೂ ಹೆಚ್ಚು ಜನ ದ್ವೀಪದ ಪೂರ್ವಭಾಗದ ಅವನ ನೆಲಕ್ಕೆ ಬಂದರು. ಬಳಿಕ ಪ್ರಷ್ಯಾ ಮೂಲದ ವಿಲಿಯಂ ಲೆಮೋನಿಯಸ್ ಸರ್ಕಾರದ ಬೆಂಬಲದಿಂದ ನೂರಾರು ಮಂದಿಯನ್ನು ಕರೆತಂದ. ಒಟ್ಟು ಸಾವಿರಕ್ಕೂ ಹೆಚ್ಚು ಜರ್ಮನರು ಕೆಲವೇ ವರ್ಷಗಳಲ್ಲಿ ದ್ವೀಪ ತಲುಪಿದರು. ಅವರಲ್ಲಿ ಸುಮಾರು 250 ಮಂದಿಗೆ, 1835ರ ಕೊನೆಯಲ್ಲಿ, ಮಾಂಟ್‌ಪೀಲಿಯರ್ ತೋಟದ ಒಡೆಯ ಲಾರ್ಡ್ ಸೀಫರ್ಡ್ ಬಿಟ್ಟುಕೊಟ್ಟ 500 ಎಕರೆ ಬೆಟ್ಟದ ನೆಲ ಸಿಕ್ಕಿತು. ಅವನ ಬಿರುದು ಇಂಗ್ಲೆಂಡಿನ ಸಸೆಕ್ಸ್ ಕರಾವಳಿಯ ಒಂದು ಊರಿನದು. ಸಮುದ್ರವಿಲ್ಲದ ಊರಿಗೆ ಸಮುದ್ರದ ಹೆಸರು ಹತ್ತಿದ್ದು ಹೀಗೆ.

(ಅದೇ 1834ರ ಅಕ್ಟೋಬರಿನಲ್ಲಿ ಜರ್ಮನ್ ಮಾತಾಡುವ ಮೂವರು ನಮ್ಮ ಮಂಗಳೂರಿಗೂ ಬಂದಿಳಿದರು: ಬಾಸೆಲ್ ಮಿಷನ್ನಿನ ಹೆಬಿಕ್, ಲೆಹ್ನರ್, ಗ್ರೈನರ್. ಆ ಹಾದಿಯಲ್ಲಿ ಮುಂದೆ ಬಂದವರು ನಿಘಂಟಿನ ಕಿಟ್ಟೆಲ್. ಜರ್ಮನ್ನಿನಲ್ಲಿ ಕಿಟ್ಟೆಲ್ ಎಂದರೆ ಕೆಲಸದ ಹೊತ್ತು ಮೈಮೇಲೆ ತೊಡುವ ನಿಲುವಂಗಿ. ಕನ್ನಡದ ಎಷ್ಟೋ ಪದಗಳ ಹುಟ್ಟು ಹುಡುಕಿದವರ ಹೆಸರಿನ ಹುಟ್ಟು ಹೇಳುವ ಅವಕಾಶ ಮತ್ತೆ ಸಿಕ್ಕೀತೋ ಇಲ್ಲವೋ ಎಂದು ಇಲ್ಲೇ ಹೇಳಿದೆ.)

ಸೀಫರ್ಡ್ ಟೌನಿಗೆ ಬಂದವರಲ್ಲಿ ಬೇಸಾಯ ಗೊತ್ತಿದ್ದವರಿಗಿಂತ ಕುಶಲಕರ್ಮಿಗಳು, ಸೈನ್ಯ ಬಿಟ್ಟವರು ಹೆಚ್ಚು. ಕಟ್ಟಿಕೊಡುತ್ತೇವೆಂದ ಮನೆಗಳು ಪೂರ್ತಿಯಾಗಿರಲಿಲ್ಲ. ಜ್ವರ ಬಂತು, ಎಷ್ಟೋ ಜನ ಮೊದಲ ತಿಂಗಳುಗಳಲ್ಲೇ ಮಣ್ಣಾದರು. ಕೆಲವರು ಅಮೆರಿಕಕ್ಕೆ ಹೊರಟುಹೋದರು. ಉಳಿದವರು ಕಸಾವ ಗೆಣಸು, ಶುಂಠಿ, ಬಾಳೆ ಬೆಳೆಯುವುದನ್ನು ಸುತ್ತಲಿನ ಕಪ್ಪುಜನರಿಂದ ಕಲಿತರು. ಯಾರನ್ನು ದೂರವಿಡಲೆಂದು ಇವರನ್ನು ತಂದರೋ ಅವರಿಂದಲೇ ಇವರು ಬದುಕಿಕೊಂಡರು. ಕೆಲವೇ ತಲೆಮಾರಿನಲ್ಲಿ ಜರ್ಮನ್ ನುಡಿ ಅಳಿದು ಪಾಟ್ವಾ ಮನೆಮಾತಾಯಿತು. ನಂತರದ ಕಾಲದಲ್ಲಿ ಊರಿನ ಬಹುಪಾಲು ಮನೆಗಳ ಮಕ್ಕಳು ಕೆನಡಾಕ್ಕೆ ವಲಸೆ ಹೋದರು. ಹೆಸರುಗಳು ಮಾತ್ರ ದ್ವೀಪದ ಎಲ್ಲ ಕಡೆ, ಎಲ್ಲ ಬಣ್ಣದವರಲ್ಲಿ ಹರಡಿಕೊಂಡಿವೆ.

ಜರ್ಮನ್ ಹೆಸರು ಕಂಡ ಕಡೆಯಲ್ಲೆಲ್ಲ ಜರ್ಮನರನ್ನು ಕಾಣುವ ಉತ್ಸಾಹಿಗಳಿಗೆ ಜಮೈಕಾ ಒಳ್ಳೆಯ ಪಾಠಶಾಲೆ. ಸೀಫರ್ಡ್ ಟೌನಿನ ಪಕ್ಕದ ಜಿಲ್ಲೆಯ ಹೆಸರು ಹ್ಯಾನೋವರ್. ಎಲ್ಡರ್‌ಮೇಯರ್‌ಗಳ ಸೀಮೆಯದೇ ಹೆಸರು, ಇವರೇ ಇಟ್ಟಿರಬೇಕು ಎನಿಸುತ್ತದೆ. ಆದರೆ ಆ ಹೆಸರು ಬಿದ್ದದ್ದು 1723ರಲ್ಲಿ, ಇವರು ಬರುವುದಕ್ಕೆ ನೂರು ವರ್ಷ ಮೊದಲು. ಲಂಡನ್ನಿನ ಗದ್ದುಗೆ ಏರಿದ್ದ ಹ್ಯಾನೋವರ್ ರಾಜಮನೆತನದ ಗೌರವಾರ್ಥ. ಅದೇ ಜಿಲ್ಲೆಯ ಬ್ಲೆನಮ್ ಎಂಬ ಹಳ್ಳಿಯ ಹೆಸರು ಬವೇರಿಯಾದ ಬ್ಲಿಂಡ್‌ಹೈಮ್ ಎಂಬ ಹಳ್ಳಿಯದು. 1704ರಲ್ಲಿ ಇಂಗ್ಲಿಷರು ಅಲ್ಲಿ ಯುದ್ಧ ಗೆದ್ದು ಆ ಹೆಸರನ್ನು ತಮ್ಮದಾಗಿಸಿಕೊಂಡು ಕಂಡಕಂಡಲ್ಲಿ ಇಟ್ಟರು. ಎರಡೂ ಜರ್ಮನ್ ಹೆಸರುಗಳೇ. ಎರಡನ್ನೂ ತಂದವರು ಇಂಗ್ಲಿಷರು. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಸೇಂಟ್ ಎಲಿಜಬೆತ್ ಜಿಲ್ಲೆಯಲ್ಲಿ ಪಾಟ್ಸ್‌ಡ್ಯಾಮ್ ಎಂಬ ಹೆಸರಾಂತ ಶಾಲೆಯಿತ್ತು. ಮೊದಲ ಮಹಾಯುದ್ಧದಲ್ಲಿ ಜರ್ಮನಿ ಶತ್ರುವಾದಾಗ ಅದನ್ನು ಮನ್ರೊ ಕಾಲೇಜು ಎಂದು ಬದಲಾಯಿಸಿದರು.

ಮೈಯರ್ಸ್ ಹೆಸರನ್ನೇ ತೆಗೆದುಕೊಳ್ಳಿ. ಜಮೈಕಾದ ಹೆಸರು ಗೊತ್ತಿಲ್ಲದವರಿಗೂ 1879ರಿಂದ ಬರುತ್ತಿರುವ ಮೈಯರ್ಸ್ ರಮ್ಮಿನ ಹೆಸರು ಗೊತ್ತಿರುವುದುಂಟು. ನೋಡಲು ಇದೂ ನಮ್ಮ ಪಾರುಪತ್ತೇಗಾರನೇ. ಆದರೆ ಯೆಹೂದಿ ಮನೆತನಗಳಲ್ಲಿ ಮೈಯರ್ ಎಂಬುದು ಬಹುಮಟ್ಟಿಗೆ ಹೀಬ್ರೂವಿನ ‘ಮೇಯಿರ್’ನಿಂದ ಬಂದದ್ದು, ಅರ್ಥ, ಬೆಳಕು ಬೀರುವವನು. ಹಳೆಯ ಧರ್ಮಗ್ರಂಥಗಳ ಕಾಲದಿಂದ ಅದು ಗಂಡಸರಿಗೆ ಇಡುವ ಹೆಸರು. ಜರ್ಮನ್ ಸೀಮೆಗಳಲ್ಲಿ ಸರ್ಕಾರಗಳು, ಆಸ್ಟ್ರಿಯಾದಲ್ಲಿ 1787ರಲ್ಲಿ, ಪ್ರಷ್ಯಾದಲ್ಲಿ 1812ರಲ್ಲಿ, ಯೆಹೂದಿಗಳು ಕಾಯಂ ಅಡ್ಡಹೆಸರು ಇಟ್ಟುಕೊಳ್ಳಲೇಬೇಕೆಂದಾಗ ತಾತನ ಹೆಸರು ಮೇಯಿರ್ ಆಗಿದ್ದವರು ಅಕ್ಕಪಕ್ಕದವರ ಮೈಯರ್‌ನೊಳಗೆ ಸಲೀಸಾಗಿ ಸೇರಿಕೊಂಡರು. ಇಷ್ಟು ಸಾಲದೆಂಬಂತೆ ಇಂಗ್ಲೆಂಡಿನಲ್ಲೂ ಒಂದು ಮೈಯರ್ಸ್ ಇದೆ. ಅದು ಜೌಗುನೆಲದ ಪಕ್ಕದವನು ಅಥವಾ ಹಳೆಯ ಫ್ರೆಂಚಿನ ವೈದ್ಯ. ಒಂದೇ ಅಂಗಿ, ಒಳಗೆ ನಾಲ್ವರು ಬೇರೆ ಬೇರೆ ಆಸಾಮಿಗಳು.

ಪಕ್ಕದ ಸ್ಪ್ಯಾನಿಷ್ ದ್ವೀಪಗಳಲ್ಲಿ ಇದೇ ಲ್ಯಾಟಿನ್ ಪದ ಇನ್ನೊಂದು ಮುಖ ತೋರಿಸಿತು. ಕ್ಯೂಬಾದ ಕಬ್ಬಿನ ತೋಟದಲ್ಲಿ ಚಾಟಿ ಹಿಡಿದು ಗುಲಾಮರ ಬೆನ್ನ ಹಿಂದೆ ನಿಲ್ಲುತ್ತಿದ್ದ ಮೇಸ್ತ್ರಿಯ ಹೆಸರು ‘ಮಾಯೊರಾಲ್’. ಒಂದು ಕಡಲ ಈಚೆ ಬಡ ವಲಸಿಗನ ಅಡ್ಡಹೆಸರಾದ ಮಯೋರ್ ಆಚೆ ಚಾಟಿಯ ಹುದ್ದೆಯಾಗಿಯೇ ಇದ್ದ. ಶಾರ್ಲ್‌ಮೇನನ ನಿರೂಪದ ಮಯೋರ್‌ಗೆ ನಿಜವಾದ ವಾರಸುದಾರ ಈ ಎರಡನೆಯವನೇ.

ಹಾಗಾದರೆ ಇವತ್ತಿನ ಜಮೈಕಾದವನೊಬ್ಬ ತನ್ನ ಜರ್ಮನ್ ಹೆಸರಿನ ಜಾಡು ಹಿಡಿಯುವುದು ಹೇಗೆ? ಹೆಸರಿನಿಂದ ಶುರುಮಾಡಿದರೂ ಹೆಸರನ್ನು ನಂಬದೆ. ದ್ವೀಪದ ಬಹುಸಂಖ್ಯಾತರು ಗುಲಾಮರಾಗಿ ಬಂದ ಆಫ್ರಿಕನ್ನರ ಸಂತತಿ. ಒಡೆಯರು ತಮ್ಮ ಗುಲಾಮರ ಪಟ್ಟಿಯನ್ನು ಸರ್ಕಾರಕ್ಕೆ ಕೊಡಬೇಕೆಂಬ ನಿಯಮ ಜಮೈಕಾದಲ್ಲಿ 1817ರಿಂದ ಶುರುವಾಗಿ ಮೂರು ವರ್ಷಕ್ಕೊಮ್ಮೆ ನಡೆಯಿತು; ಆ ದಫ್ತರುಗಳು ಲಂಡನ್ನಿನ ಕ್ಯೂ ಪತ್ರಾಗಾರದಲ್ಲಿವೆ. ಹಲವು ಪಟ್ಟಿಗಳಲ್ಲಿ ಒಂದೊಂದು ಸಾಲಿಗೆ ಹೆಸರು, ವಯಸ್ಸು, ಬಣ್ಣ, ಆಫ್ರಿಕದಲ್ಲಿ ಹುಟ್ಟಿದವರೋ ಇಲ್ಲೇ ಹುಟ್ಟಿದವರೋ ಎಂಬುದು, ಕೆಲವೆಡೆ ತಾಯಿಯ ಹೆಸರು. ತಂದೆಯ ಅಂಕಣವೇ ಇಲ್ಲ. ಬ್ಯಾಪ್ಟಿಸಮ್ ಆದಾಗ ಬಹಳ ಮಂದಿ ಒಡೆಯನದೋ ಮೇಸ್ತ್ರಿಯದೋ ಪಾದ್ರಿಯದೋ ಹೆಸರನ್ನು ಅಡ್ಡಹೆಸರಾಗಿ ಪಡೆದರು. ಹಾಗಾಗಿ ಒಬ್ಬನ ಜರ್ಮನ್ ಹೆಸರು 1835ರ ಹಡಗಿನದಾಗಿರಬಹುದು, ಅದಕ್ಕೂ ಹಿಂದಿನ ಒಬ್ಬ ತೋಟದ ಲೆಕ್ಕಿಗನದಾಗಿರಬಹುದು. ಸೀಫರ್ಡ್ ಟೌನಿನಿಂದ ಕಪ್ಪು ಮನೆತನಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಂತತಿಗೆ ಜರ್ಮನ್ ರಕ್ತವಿದ್ದೂ ಜರ್ಮನ್ ಹೆಸರಿಲ್ಲ. ತಂದೆಯಿಂದ ಮಗನಿಗಷ್ಟೇ ಇಳಿಯುವ ವೈ ವರ್ಣತಂತುವಿನ ಪರೀಕ್ಷೆ ಇಂಥವರನ್ನು ಕಾಣದು. ಎರಡೂ ಕಡೆಯ ಪೂರ್ವಜರನ್ನು ಒಟ್ಟಿಗೆ ನೋಡುವ ಪರೀಕ್ಷೆ ಬೇಕು, ಅದಕ್ಕೆ ಹೋಲಿಸಲು ವೇಸರ್ ತೀರದಲ್ಲಿ ಉಳಿದ ನೆಂಟರೂ ಪರೀಕ್ಷೆ ಮಾಡಿಸಿರಬೇಕು.

1962ರ ಆಗಸ್ಟ್ 6ರಂದು ಜಮೈಕಾ ಸ್ವತಂತ್ರವಾಯಿತು. ಮೊದಲ ಸಂಪುಟದ ಆರೋಗ್ಯ ಮಂತ್ರಿ ಡಾ. ಹರ್ಬರ್ಟ್ ಎಲ್ಡಮೈರ್. ಪ್ರಧಾನಿ ಅಲೆಗ್ಸಾಂಡರ್ ಬುಸ್ತಮಾಂತೆ, ಮೇಲೆ ಹೇಳಿದ ಬ್ಲೆನಮ್ ಹಳ್ಳಿಯಲ್ಲಿ 1884ರಲ್ಲಿ ಹುಟ್ಟಿದವರು. ಹೆಸರು ಕೇಳಿದರೆ ಅಪ್ಪಟ ಸ್ಪ್ಯಾನಿಷ್. ಹುಟ್ಟುಹೆಸರು ವಿಲಿಯಂ ಅಲೆಗ್ಸಾಂಡರ್ ಕ್ಲಾರ್ಕ್. ಸ್ಪೇನಿನ ಸೇನಾಧಿಕಾರಿಯೊಬ್ಬ ತಮ್ಮನ್ನು ದತ್ತು ತೆಗೆದುಕೊಂಡಿದ್ದನೆಂದು ಅವರು ಹೇಳಿಕೊಳ್ಳುತ್ತಿದ್ದರು, ಕೇಳಿದವರೆಲ್ಲ ನಂಬಲಿಲ್ಲ. ಜರ್ಮನ್ ಯುದ್ಧಭೂಮಿಯ ಹೆಸರಿನ ಹಳ್ಳಿಯಲ್ಲಿ ಹುಟ್ಟಿ ಸ್ಪ್ಯಾನಿಷ್ ಹೆಸರು ಆರಿಸಿಕೊಂಡ ನಾಯಕನ ಪಕ್ಕದ ಕುರ್ಚಿಗಳಲ್ಲೊಂದರಲ್ಲಿ, ಹೀಗೆ, ನಮ್ಮ ಪಾರುಪತ್ತೇಗಾರ ಮತ್ತೆ ಆಡಳಿತದ ಕೆಲಸಕ್ಕೆ ಕೂತಿದ್ದ.

ಇನ್ನು ‘ಮಯೋರ್’ ಹುಟ್ಟಿದ ಅದೇ ಬೇರಿನ ಸಂಸ್ಕೃತ ಕವಲು. ಜರ್ಮನರಿಂದ ತೋಟಗಾರರ ಹಸಿವು ತೀರಲಿಲ್ಲ. 1845ರ ಮೇ 10ರಂದು ಬ್ಲಂಡೆಲ್ ಎಂಬ ಹಡಗು ಕಲ್ಕತ್ತದಿಂದ ಇನ್ನೂರಕ್ಕೂ ಹೆಚ್ಚು ಭಾರತೀಯ ಕರಾರು ಕೂಲಿಗಳನ್ನು ಜಮೈಕಾದ ಓಲ್ಡ್ ಹಾರ್ಬರ್ ಕೊಲ್ಲಿಗೆ ತಂದಿಳಿಸಿತು. ಮುಂದಿನ ದಶಕಗಳಲ್ಲಿ ಹೀಗೆ ಬಂದವರು ಸಾವಿರಾರು. ಗುಮಾಸ್ತರ ಕಿವಿ ಮತ್ತೆ ಕೆಲಸಕ್ಕೆ ನಿಂತಿತು. ‘ಮಹಾರಾಜ್’ ಎಂಬ ಹೆಸರು ಜಮೈಕಾದ ದಾಖಲೆಗಳಲ್ಲಿ ‘ಮರಾಗ್’ ಆಯಿತು. ಡಾನ್ಸ್‌ಹಾಲ್ ಸಂಗೀತದ ಸೂಪರ್ ಕ್ಯಾಟ್ ಗೊತ್ತಿದ್ದವರಿಗೆ ಅವರ ನಿಜನಾಮ ವಿಲಿಯಂ ಮರಾಗ್ ಎಂಬುದೂ ಗೊತ್ತಿರುತ್ತದೆ. ವೇಸರ್ ತೀರದ ಮೈಯರ್, ಗಂಗೆಯ ತೀರದ ಮಹಾ, ಒಂದೇ ಬೇರಿನ ಎರಡು ಪದಗಳು ಸಾವಿರಾರು ವರ್ಷ ಬೇರೆ ಬೇರೆ ನಡೆದು, ಹತ್ತೇ ವರ್ಷದ ಅಂತರದಲ್ಲಿ, ಒಂದೇ ಕೂಲಿಯ ಲೆಕ್ಕಾಚಾರಕ್ಕೆ ಒಂದೇ ದ್ವೀಪಕ್ಕೆ ಬಂದವು. ಕಟ್ಟುಕಥೆಯಲ್ಲಿ ಹೀಗೆ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

ಈ ಮರಾಗ್ ಕೂಡ ರಕ್ತಕ್ಕೆ ಅಂಟಿಕೊಂಡು ಕೂರಲಿಲ್ಲ. ರಾಸ್ತಫಾರಿ ಪಂಥದ ಮೊದಲಿಗರಲ್ಲೊಬ್ಬನಾದ ಲೆನರ್ಡ್ ಹಾವೆಲ್ ಆಫ್ರಿಕನ್ ಮೂಲದವನು. 1930ರ ದಶಕದಲ್ಲಿ ತನ್ನ ಪಂಥದ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದಾಗ ಲೇಖಕನ ಹೆಸರಿನ ಜಾಗದಲ್ಲಿ ತನ್ನ ಹೆಸರು ಹಾಕದೆ ‘ಜಿ. ಜಿ. ಮರಾಗ್’ ಎಂದು ಹಾಕಿದ. ಬಿಡಿಸಿದರೆ ಗಂಗುಂಗುರು ಮರಾಗ್. ಆ ‘ಗುರು’ ನಮ್ಮ ಗುರುವೇ. ಆ ಹೆಸರು ಹಿಡಿದು ಯಾರಾದರೂ ಹಾವೆಲ್‌ನ ವಂಶ ಹುಡುಕುತ್ತ ಗಂಗೆಯ ಬಯಲಿಗೆ ಹೊರಟರೆ ಅಲ್ಲಿ ಯಾರೂ ಸಿಗುವುದಿಲ್ಲ. ಜಮೈಕಾದ ಭಾರತೀಯರಲ್ಲಿದ್ದ ಹೆಸರನ್ನು ಅವನು ಇಟ್ಟುಕೊಂಡಿದ್ದ, ಅಷ್ಟೇ.